ಅನಾನಸ್ ಫಿಲ್ಲಿಂಗ್‌ಗೆ ಸರಿಯಾದ ಸ್ಟಾರ್ಚ್ ಹುಡುಕಿದ್ದು

ಮೈಸೂರಿನ ಹೆಬ್ಬಾಳದಲ್ಲಿ ನಮ್ಮದೊಂದು ಚಿಕ್ಕ ಘಟಕವಿದೆ. ಬೇಕರಿಗಳಿಗೆ ಅನಾನಸ್ ಮತ್ತು ಮಾವಿನ ಫಿಲ್ಲಿಂಗ್ ಮಾಡಿಕೊಡುತ್ತೇವೆ. ಕೇಕಿನ ಪದರಗಳ ನಡುವೆ, ಪಫ್ ಒಳಗೆ ಹಾಕುತ್ತಾರಲ್ಲ, ಅದು. ನೂರು ಕಿಲೋ ಫಿಲ್ಲಿಂಗ್‌ನಲ್ಲಿ ಅದನ್ನು ಗಟ್ಟಿ ಮಾಡುವ ಸ್ಟಾರ್ಚ್ (ಪಿಷ್ಟ) ಇರುವುದು ನಾಲ್ಕೈದು ಕಿಲೋ ಅಷ್ಟೇ. ಆದರೂ ಮಾಲು ನಿಲ್ಲುವುದೂ ಕೆಡುವುದೂ ಅದರಿಂದಲೇ.

ಎಲ್ಲರಂತೆ ನಾವೂ ಮುಸುಕಿನ ಜೋಳದ ಸ್ಟಾರ್ಚ್ ಆದ ಮಾಮೂಲಿ ಕಾರ್ನ್ ಫ್ಲೋರ್‌ನಿಂದಲೇ ಶುರು ಮಾಡಿದೆವು. ಬಿಸಿ ಇದ್ದಾಗ ಗಟ್ಟಿಯಾಗಿ ಚೆನ್ನಾಗಿಯೇ ಕಾಣುತ್ತಿತ್ತು. ಫ್ರಿಜ್‌ನಲ್ಲಿಟ್ಟರೆ ಸುತ್ತ ನೀರು ನಿಲ್ಲುತ್ತಿತ್ತು. "ಕೇಕ್ ಕುಯ್ದ್ರೆ ಒಳಗೆ ನೀರು ಬಿಟ್ಕಂಡದೆ ಕಣಕ್ಕ" ಅಂತ ಮಂಡ್ಯದ ಬೇಕರಿಯವರು ಒಬ್ಬರು ಫೋನ್ ಮಾಡಿದರು. ಸ್ಟಾರ್ಚ್ ಜಾಸ್ತಿ ಹಾಕಿದರೆ ಫಿಲ್ಲಿಂಗ್ ಹಿಟ್ಟುಹಿಟ್ಟಾಗುತ್ತದೆ, ಹಣ್ಣಿನ ರುಚಿ ಸತ್ತುಹೋಗುತ್ತದೆ. ಪ್ರಮಾಣ ಹೆಚ್ಚಿಸಿ ಪ್ರಯೋಜನವಿಲ್ಲ, ಸ್ಟಾರ್ಚೇ ಬೇರೆಯಾಗಬೇಕಿತ್ತು.

ಕಾರಣ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಕಾರ್ನ್ ಫ್ಲೋರ್‌ನ ಸಣ್ಣ ಸಣ್ಣ ಕಾಳುಗಳು ಸುಮಾರು 65 ಡಿಗ್ರಿ ದಾಟಿದಾಗ ನೀರು ಕುಡಿದು ಉಬ್ಬುತ್ತವೆ. ಇನ್ನೂ ಕಾಯಿಸಿ, ಜೋರಾಗಿ ತಿರುವಿದರೆ ಒಡೆಯುತ್ತವೆ. ಅನಾನಸ್‌ನ ಹುಳಿ ಸೇರಿದರೆ ಇನ್ನೂ ಬೇಗ ತೆಳ್ಳಗಾಗುತ್ತದೆ. ತಣ್ಣಗಾದ ಮೇಲೆ ಅಮೈಲೋಸ್ ಎಂಬ ಉದ್ದನೆಯ ಎಳೆಗಳು ಮತ್ತೆ ಒಂದಕ್ಕೊಂದು ಅಂಟಿಕೊಂಡು, ಹಿಡಿದಿಟ್ಟ ನೀರನ್ನು ಹೊರಗೆ ಹಿಂಡುತ್ತವೆ. ಮುಸುಕಿನ ಜೋಳದ ಸ್ಟಾರ್ಚ್‌ನಲ್ಲಿ ಅಮೈಲೋಸ್ ಸುಮಾರು ಶೇ. 25 ಇರುತ್ತದೆ. ಮರಗೆಣಸಿನದರಲ್ಲಿ ಅದಕ್ಕಿಂತ ಕಡಿಮೆ. ವ್ಯಾಕ್ಸಿ ಜೋಳ ಎಂಬ ಮುಸುಕಿನ ಜೋಳದ ಬಗೆಯಲ್ಲಿ ಇಲ್ಲವೆಂದೇ ಹೇಳಬಹುದು.

ಮಾಡಿಫೈಡ್ ಸ್ಟಾರ್ಚ್, ಅಂದರೆ ರಾಸಾಯನಿಕವಾಗಿ ಸ್ವಲ್ಪ ಮಾರ್ಪಡಿಸಿದ ಸ್ಟಾರ್ಚ್, ಇದಕ್ಕೇ ಇರುವುದು. ಎಳೆಗಳ ನಡುವೆ ಅಲ್ಲಲ್ಲಿ ಹೊಲಿಗೆ ಹಾಕಿದಂತೆ ಕೊಂಡಿ ಬೆಸೆದರೆ ಕಾಳು ಉಬ್ಬುತ್ತದೆ, ಒಡೆಯುವುದಿಲ್ಲ. ಪಕ್ಕದಲ್ಲಿ ಅಸಿಟೈಲ್ ಎಂಬ ಸಣ್ಣ ರಾಸಾಯನಿಕ ಗುಂಪು ಸೇರಿಸಿದರೆ ಎಳೆಗಳು ಮತ್ತೆ ಅಂಟಿಕೊಳ್ಳುವುದು ಕಷ್ಟ, ನೀರು ಒಳಗೇ ಉಳಿಯುತ್ತದೆ. ಎರಡೂ ಒಟ್ಟಿಗಿರುವುದು ಐಎನ್ಎಸ್ 1422 (ಐಎನ್ಎಸ್ ಅಂದರೆ ಆಹಾರಕ್ಕೆ ಸೇರಿಸುವ ಪದಾರ್ಥಗಳಿಗೆ ಕೊಟ್ಟಿರುವ ಅಂತರರಾಷ್ಟ್ರೀಯ ಸಂಖ್ಯೆ). ಅಸಿಟೈಲ್ ಬದಲು ಹೈಡ್ರಾಕ್ಸಿಪ್ರೊಪೈಲ್ ಇರುವುದು 1442, ಅದು ಫ್ರೀಜರ್‌ಗೆ ಇನ್ನೂ ಒಳ್ಳೆಯದು.

ನಾನು ಡೀಲರ್ ಹೇಳಿದ್ದನ್ನು ಕೊಂಡುಕೊಳ್ಳಲಿಲ್ಲ. ಸ್ಯಾಂಪಲ್ ತರಿಸಿ, ನಮ್ಮದೇ ಅನಾನಸ್‌ನಲ್ಲಿ, ನಮ್ಮದೇ ಕೆಟಲ್‌ನಲ್ಲಿ ಸಣ್ಣ ಸಣ್ಣ ಬ್ಯಾಚ್ ಮಾಡಿದೆ. ಪ್ರತಿಯೊಂದರಲ್ಲೂ ಒಂದು ಚಮಚ ಟ್ರೇ ಮೇಲಿಟ್ಟು ಓವನ್‌ಗೆ ಹಾಕಿದೆ. ಹರಡಿದ್ದು ಪಫ್‌ಗೆ ಆಗುವುದಿಲ್ಲ. ಒಂದು ಭಾಗ ಫ್ರಿಜ್‌ನಲ್ಲಿ, ಒಂದು ಭಾಗ ಫ್ರೀಜರ್‌ನಲ್ಲಿಟ್ಟು ಕರಗಿಸಿ ನೋಡಿದೆ. ಮೈಕ್ರೋಸ್ಕೋಪ್ ಸಿಕ್ಕರೆ ಅಯೋಡಿನ್ ಹನಿ ಹಾಕಿ ಖಂಡಿತ ನೋಡಿ. ಕಾಳುಗಳು ದುಂಡಗೆ, ಇಡಿಯಾಗಿ ಕಂಡರೆ ಬೇಯಿಸಿದ್ದು ಸರಿಯಾಗಿದೆ. ಚೂರುಚೂರಾಗಿದ್ದರೆ ಬೆಂದದ್ದು ಜಾಸ್ತಿ. ಉಬ್ಬದೇ ಉಳಿದಿದ್ದರೆ ಕಡಿಮೆ. ಇದನ್ನು ನನಗೆ ತೋರಿಸಿಕೊಟ್ಟದ್ದು ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐನ ಒಂದು ಸಣ್ಣ ಕೋರ್ಸ್. 1950ರಿಂದ ಚೆಲುವಾಂಬ ಮ್ಯಾನ್ಷನ್‌ನಲ್ಲಿರುವ ಆ ಸಂಸ್ಥೆ ಹತ್ತಿರವಿರುವುದು ಮೈಸೂರಿನ ಸಣ್ಣ ಉದ್ದಿಮೆದಾರರ ಭಾಗ್ಯ.

ಬೇಯಿಸುವ ರೀತಿಯೂ ಬದಲಾಗಬೇಕು. ಕೊಂಡಿ ಹಾಕಿದ ಸ್ಟಾರ್ಚ್‌ಗೆ ಶಾಖ ಜಾಸ್ತಿ ಬೇಕು, ನಾವು 90 ಡಿಗ್ರಿಯ ಹತ್ತಿರ ಒಯ್ಯುತ್ತೇವೆ. ಸಕ್ಕರೆ ಅಷ್ಟನ್ನೂ ಮೊದಲೇ ಸುರಿದರೆ ಅದೇ ನೀರನ್ನೆಲ್ಲ ಹಿಡಿದುಕೊಳ್ಳುತ್ತದೆ, ಸ್ಟಾರ್ಚ್ ಉಬ್ಬುವುದಿಲ್ಲ. ಹಾಗಾಗಿ ಸ್ವಲ್ಪ ಸಕ್ಕರೆ ಮೊದಲು, ಉಳಿದದ್ದು ಗಟ್ಟಿಯಾದ ಮೇಲೆ.

ಬೆಲೆಯ ವಿಷಯಕ್ಕೆ ಬರುತ್ತೇನೆ. ಮಾಡಿಫೈಡ್ ಸ್ಟಾರ್ಚ್ ಕಾರ್ನ್ ಫ್ಲೋರ್‌ಗಿಂತ ಎರಡು ಪಟ್ಟಿಗೂ ಜಾಸ್ತಿ. ಬೇಕಾಗುವುದು ನೂರಕ್ಕೆ ನಾಲ್ಕೈದು ಕಿಲೋ ಆದ್ದರಿಂದ ಫಿಲ್ಲಿಂಗ್ ಬೆಲೆ ಹೆಚ್ಚೇನೂ ಏರುವುದಿಲ್ಲ. ವಾಪಸ್ ಬರುವ ಡಬ್ಬ ನಿಂತರೆ ಅದೇ ಲಾಭ. ಕಷ್ಟವಿರುವುದು ದರ ಏಕೆ ಏರುತ್ತದೆ ಎಂದು ತಿಳಿಯುವುದರಲ್ಲಿ. ಜಗತ್ತಿನ ಈ ವ್ಯಾಪಾರ ಬಹುಪಾಲು ಕೆಲವೇ ದೊಡ್ಡ ಕಂಪನಿಗಳ ಕೈಯಲ್ಲಿದೆ: ಕಾರ್ಗಿಲ್, ಇಂಗ್ರೆಡಿಯನ್, ಟೇಟ್ ಅಂಡ್ ಲೈಲ್, ರೋಕೆಟ್ ಇಂಥವು. ಇವರಲ್ಲಿ ಕಾರ್ಗಿಲ್‌ನ ಮುಸುಕಿನ ಜೋಳದ ಕಾರ್ಖಾನೆ ದಾವಣಗೆರೆಯಲ್ಲೇ ಇದೆ, ರೋಕೆಟ್‌ದು ಗೋಕಾಕದಲ್ಲಿ. ಆದರೆ ಅದೇ ಜೋಳಕ್ಕೆ ಕೋಳಿ ಫಾರಂನವರೂ ಬರುತ್ತಾರೆ, ಈಗ ಎಥನಾಲ್‌ನವರೂ ಬರುತ್ತಾರೆ. ಕಾಗದದ ಮಿಲ್, ಬಟ್ಟೆ ಮಿಲ್‌ಗಳಿಗೂ ಸ್ಟಾರ್ಚ್ ಬೇಕು. ನಮ್ಮ ಡಬ್ಬಗಳನ್ನಿಡುವ ರಟ್ಟಿನ ಪೆಟ್ಟಿಗೆಯ ಅಂಟೂ ಸ್ಟಾರ್ಚ್, ಕಾಸ್ಟಿಕ್ ಸೋಡಾ, ಬೋರಾಕ್ಸ್ ಸೇರಿಸಿ ಮಾಡಿದ್ದೇ. ಜೋಳದ ದರ ಏರಿದರೆ ನಮಗೆ ಎರಡು ಕಡೆ ಹೊರೆ.

ಮರಗೆಣಸಿನ ಸ್ಟಾರ್ಚ್ ನನಗೆ ಹೆಚ್ಚು ಇಷ್ಟ. ತಿಳಿಯಾಗಿ ಹೊಳೆಯುತ್ತದೆ, ತನ್ನದೇ ವಾಸನೆ ಇಲ್ಲ. ಅದರ ರಫ್ತಿನಲ್ಲಿ ಥಾಯ್ಲೆಂಡ್ ಮೊದಲು, ಕೊಳ್ಳುವುದರಲ್ಲಿ ಚೀನಾ ಮೊದಲು. ಬಿಳಿನೊಣ ಹರಡುವ ಮೊಸಾಯಿಕ್ ರೋಗ ಕಾಂಬೋಡಿಯ, ವಿಯೆಟ್ನಾಂ, ಥಾಯ್ಲೆಂಡಿನ ಬೆಳೆಗೆ ಬಿದ್ದದ್ದು ಮಾರುಕಟ್ಟೆಗೂ ತಟ್ಟಿತು. ಇಂಥದ್ದು ಹಿಂದೆಯೂ ಆಗಿದೆ. ಎರಡನೇ ಮಹಾಯುದ್ಧದಲ್ಲಿ ಜಾವಾದ ಮರಗೆಣಸು ಸ್ಟಾರ್ಚ್ ಅಮೆರಿಕಕ್ಕೆ ಬರುವುದು ನಿಂತಿತು. 1908ರಲ್ಲಿ ಚೀನಾದಿಂದ ಬಂದಿದ್ದ ವ್ಯಾಕ್ಸಿ ಜೋಳವನ್ನು ಆಗ ಅಲ್ಲಿನವರು ವ್ಯಾಪಾರಕ್ಕಾಗಿ ಬೆಳೆಯತೊಡಗಿದರು. ಅದಕ್ಕೇ ನಾನು ಜೋಳ, ಮರಗೆಣಸು ಎರಡೂ ಬಗೆಯ ಸ್ಟಾರ್ಚ್‌ಗೆ ರೆಸಿಪಿ ಬರೆದಿಟ್ಟಿದ್ದೇನೆ. ಮರಗೆಣಸಿನ ಪಿಷ್ಟಕ್ಕೆ ಸೇಲಂ ನಮಗೆ ಹತ್ತಿರವೇ ಇದೆ. ಅಲ್ಲಿಂದ ಬರುವ ಮಾಡಿಫೈಡ್ ಸ್ಯಾಂಪಲ್‌ಗಳನ್ನೂ ಬಿಡದೆ ಪರೀಕ್ಷಿಸುತ್ತೇನೆ.

ಚೀಲದ ಜೊತೆ ಬರುವ ಪರೀಕ್ಷಾ ವರದಿ ಕೇಳಿ ತೆಗೆದುಕೊಳ್ಳಿ. 1422 ಆದರೆ ಅಸಿಟೈಲ್ ಶೇ. 2.5, ಕೊಂಡಿ ಬೆಸೆಯುವ ಅಡಿಪೇಟ್ ಶೇ. 0.135 ಮೀರಬಾರದು. ಕೈಗಾರಿಕೆಗೆಂದು ಮಾರುವ ಚೀಲ ಎಷ್ಟು ಅಗ್ಗವಾದರೂ ತಿನ್ನುವ ಪದಾರ್ಥಕ್ಕೆ ಬೇಡವೇ ಬೇಡ. ಲೇಬಲ್ ಮೇಲೆ ಐಎನ್ಎಸ್ ನಂಬರ್ ಸ್ಪಷ್ಟವಾಗಿ ಹಾಕಿ. "ಇದೇನು ಕೆಮಿಕಲ್ಲಾ ಮೇಡಂ?" ಅಂತ ಬೇಕರಿಯವರು ಕೇಳಿದರೆ ನಾನು ವರದಿಯನ್ನೇ ಮುಂದಿಟ್ಟು, ಜೋಳಕ್ಕೆ ಏನು ಮಾಡಿದ್ದಾರೆ, ಎಷ್ಟು ಮಾಡಿದ್ದಾರೆ ಎಂದು ಕೂತು ವಿವರಿಸುತ್ತೇನೆ.