ಖಿನ್ನತೆಯ ಚಿಕಿತ್ಸೆಗೆ ಪೂರಕವಾಗಿ ಸಂಗೀತ ಕೇಳುವ ಬಗೆ

ಖಿನ್ನತೆಯೆಂದರೆ ಒಂದೆರಡು ದಿನ ಕಾಡಿ ಹೋಗುವ ಬೇಸರವಲ್ಲ. ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿರುವುದು, ಮೊದಲು ಹಿಡಿಸುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿಯದಿರುವುದು, ಇವೆರಡರಲ್ಲಿ ಒಂದಾದರೂ ಇದ್ದು, ಅದರೊಂದಿಗೆ ನಿದ್ದೆ, ಹಸಿವು, ಏಕಾಗ್ರತೆ, ಮೈಯ ಶಕ್ತಿ ಏರುಪೇರಾಗಿ, ಇದೆಲ್ಲ ಕನಿಷ್ಠ ಎರಡು ವಾರ ಮುಂದುವರಿದಾಗ ವೈದ್ಯರು ಅದನ್ನು ಕಾಯಿಲೆಯೆಂದು ಗುರುತಿಸುತ್ತಾರೆ. ಅದಕ್ಕೆ ಮುಖ್ಯ ಚಿಕಿತ್ಸೆ ಮಾತ್ರೆ, ಮನೋಚಿಕಿತ್ಸೆ ಅಥವಾ ಎರಡೂ. ಸಂಗೀತ ಕೇಳುವುದು ಇವುಗಳಿಗೆ ಬದಲಿಯಲ್ಲ. ಇವುಗಳ ಜೊತೆಯಲ್ಲಿ ನಡೆಸಿಕೊಂಡು ಹೋಗಬಹುದಾದ, ಖರ್ಚು ಕಡಿಮೆಯ ಒಂದು ಪೂರಕ. ಯಾವ ಹಾಡು ಕೇಳಬೇಕು ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಅದಕ್ಕಿಂತ ಮುಖ್ಯವಾದದ್ದು, ಕೇಳಿ ಮುಗಿಸಿದ ಮೇಲೆ ಮನಸ್ಸು ಯಾವ ಕಡೆಗೆ ಸರಿದಿದೆ ಎಂಬುದನ್ನು ಗಮನಿಸುವುದು.

ಸಂಶೋಧನೆಯ ಮಾತು ಬಂದಾಗ ಎರಡು ಬೇರೆ ಸಂಗತಿಗಳನ್ನು ಒಂದೇ ಎಂದು ಎಣಿಸುವುದು ಸಾಮಾನ್ಯ. ತರಬೇತಿ ಪಡೆದ ಚಿಕಿತ್ಸಕರು ರೋಗಿಯೊಡನೆ ಕುಳಿತು ನಡೆಸುವುದು ಸಂಗೀತ ಚಿಕಿತ್ಸೆ. ಮನೆಯಲ್ಲಿ ನಾವಾಗಿಯೇ ಹಾಡು ಹಾಕಿಕೊಂಡು ಕೇಳುವುದು ಬೇರೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2017ರಲ್ಲಿ ಪ್ರಕಟಿಸಿದ ವಿಮರ್ಶೆಯು 9 ಅಧ್ಯಯನಗಳ 421 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿ, ಸಾಮಾನ್ಯ ಚಿಕಿತ್ಸೆಯ ಜೊತೆಗೆ ಸಂಗೀತ ಚಿಕಿತ್ಸೆಯನ್ನೂ ಪಡೆದವರಲ್ಲಿ ಖಿನ್ನತೆಯ ಲಕ್ಷಣಗಳು ಅಲ್ಪಾವಧಿಯಲ್ಲಿ ಹೆಚ್ಚು ತಗ್ಗಿದವೆಂದು ಹೇಳಿತು. ಫಿನ್ಲೆಂಡಿನಲ್ಲಿ 79 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಹೆಸರುವಾಸಿ ಅಧ್ಯಯನದಲ್ಲೂ ಮೂರು ತಿಂಗಳ ಹೊತ್ತಿಗೆ ಇಂಥದೇ ಫಲ ಕಂಡಿತು. ಆದರೆ ಅಲ್ಲಿ ರೋಗಿಗಳು ಕೇಳುಗರಾಗಿರಲಿಲ್ಲ, ಚಿಕಿತ್ಸಕರ ಜೊತೆ ತಾವೇ ವಾದ್ಯ ನುಡಿಸುತ್ತಿದ್ದರು. ಆದ್ದರಿಂದ ಆ ಫಲವನ್ನು ಇಯರ್‌ಫೋನಿನ ಖಾತೆಗೆ ಬರೆದುಕೊಳ್ಳುವುದು ನ್ಯಾಯವಲ್ಲ. ಕೇಳುವುದರ ಬಗ್ಗೆಯೇ ಹೇಳುವುದಾದರೆ ನಿದ್ದೆಯ ವಿಷಯದಲ್ಲಿ ಆಧಾರ ಚೆನ್ನಾಗಿದೆ; ಅದಕ್ಕೆ ಮುಂದೆ ಬರುತ್ತೇನೆ.

ಮೊದಲ ಹೆಜ್ಜೆ ಹಾಡಿನದಲ್ಲ, ದಾಖಲೆಯದು. ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ಅಥವಾ ಆಪ್ತಸಲಹೆಗಾರರಿಗೆ ಈ ಅಭ್ಯಾಸ ಆರಂಭಿಸುತ್ತಿರುವುದನ್ನು ತಿಳಿಸಿ, ಸದ್ಯದ ಸ್ಥಿತಿಯನ್ನು ಒಂದು ಅಳತೆಯಲ್ಲಿ ಗುರುತು ಮಾಡಿಟ್ಟುಕೊಳ್ಳಿ. ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಇದಕ್ಕೆ ಅನುಕೂಲ: ಹಿಂದಿನ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 27. ಮೊತ್ತ 10 ಅಥವಾ ಅದಕ್ಕಿಂತ ಹೆಚ್ಚಾದರೆ ಖಿನ್ನತೆ ಮಧ್ಯಮ ಅಥವಾ ಅದಕ್ಕೂ ಮೇಲಿನ ಮಟ್ಟದ್ದಾಗಿರಬಹುದು, ವೈದ್ಯರನ್ನು ಕಾಣಲೇಬೇಕು. ಒಂಬತ್ತನೆಯ ಪ್ರಶ್ನೆ ಸಾವಿನ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಗೆ ಸಂಬಂಧಿಸಿದ್ದು. ಅಲ್ಲಿ ಸೊನ್ನೆಯಲ್ಲದೆ ಬೇರೆ ಅಂಕ ಬಂದರೆ, ಒಟ್ಟು ಮೊತ್ತ ಎಷ್ಟೇ ಇರಲಿ, ಅಂದೇ ವೈದ್ಯರೊಡನೆ ಮಾತನಾಡಬೇಕು.

ಇನ್ನು ಹಾಡುಗಳ ಪಟ್ಟಿ. ಇದನ್ನು ಮನಸ್ಸು ತೀರ ಕುಸಿದಿರುವ ಹೊತ್ತಿನಲ್ಲಿ ಮಾಡಲು ಹೋಗಬೇಡಿ, ಏಕೆಂದರೆ ಆಯ್ಕೆ ಮಾಡುವ ಶಕ್ತಿಯನ್ನೇ ಖಿನ್ನತೆ ಕಸಿದುಕೊಂಡಿರುತ್ತದೆ. ನೂರು ಹಾಡುಗಳ ಮುಂದೆ ಕುಳಿತು ಒಂದನ್ನೂ ಹಾಕದೆ ಫೋನು ಕೆಳಗಿಡುವುದೇ ಆಗುತ್ತದೆ. ದಿನದಲ್ಲಿ ಸ್ವಲ್ಪ ಹಗುರವೆನಿಸುವ ವೇಳೆ ನೋಡಿಕೊಂಡು, ಅಥವಾ ಆಪ್ತರೊಬ್ಬರನ್ನು ಜೊತೆಗೆ ಕೂರಿಸಿಕೊಂಡು, ಇಪ್ಪತ್ತು ಮೂವತ್ತು ಹಾಡು ಅಥವಾ ವಾದ್ಯಸಂಗೀತದ ತುಣುಕುಗಳನ್ನು ಆರಿಸಿ. ಯಾವ ಪ್ರಕಾರವೆಂಬುದು ಮುಖ್ಯವಲ್ಲ. ನಿಮಗೆ ಪರಿಚಯವಿರುವ, ಒಂದು ಕಾಲದಲ್ಲಾದರೂ ಇಷ್ಟವಾಗಿದ್ದ ಸಂಗೀತವೇ, ಬೇರೆಯವರು "ಮನಸ್ಸಿಗೆ ಒಳ್ಳೆಯದು" ಎಂದು ಕೈಗಿಟ್ಟ ಸಂಗೀತಕ್ಕಿಂತ ಮೇಲು. ನಂತರ ಒಂದೊಂದನ್ನೂ ಕೇಳುವ ಮೊದಲು ಮನಸ್ಥಿತಿಗೆ 0ಯಿಂದ 10ರವರೆಗಿನ ಒಂದು ಅಂಕ (ಮನಸ್ಸು ಹಗುರಾದಷ್ಟೂ ಹೆಚ್ಚು ಅಂಕ), ಕೇಳಿ ಮುಗಿದು ಐದು ನಿಮಿಷದ ಬಳಿಕ ಇನ್ನೊಂದು ಅಂಕ ಬರೆದುಕೊಳ್ಳಿ. ಕೆಲವು ದಿನ ಹೀಗೆ ಮಾಡಿದರೆ ಪಟ್ಟಿ ತಾನಾಗಿಯೇ ಸೋಸಿಕೊಳ್ಳುತ್ತದೆ. ಅಗಲಿದವರ, ಮುರಿದುಬಿದ್ದ ಸಂಬಂಧದ ಅಥವಾ ಸೋಲಿನ ನೆನಪಿಗೆ ನೇರವಾಗಿ ಅಂಟಿಕೊಂಡಿರುವ ಹಾಡು ಎಷ್ಟೇ ಸೊಗಸಾಗಿದ್ದರೂ ಸದ್ಯಕ್ಕೆ ಹೊರಗಿರಲಿ. ಹಾಡಿನ ಸಾಹಿತ್ಯವೇ ತಲೆಯಲ್ಲಿ ಗುಂಯ್‌ಗುಡುತ್ತ ಉಳಿಯುತ್ತದೆ ಎನ್ನುವವರು ಮಾತಿಲ್ಲದ ವಾದ್ಯಸಂಗೀತಕ್ಕೆ ಸರಿಯುವುದು ಲೇಸು.

ಇಷ್ಟದ ಹಾಡೂ ಸಪ್ಪೆಯೆನಿಸಿದರೆ ಗಾಬರಿಯಾಗಬೇಕಿಲ್ಲ. ಸಂಗೀತದಿಂದ ರೋಮಾಂಚನವಾದಾಗ ಮಿದುಳಿನ ಸುಖಾನುಭವದ ಭಾಗಗಳಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ ಎಂದು ಮಾಂಟ್ರಿಯಲ್‌ನ ಸಂಶೋಧಕರು 2011ರಲ್ಲಿ ತೋರಿಸಿದರು. ಹಾಡಿನ ಉತ್ತುಂಗದ ಕ್ಷಣಕ್ಕಾಗಿ ಮನಸ್ಸು ಕಾಯುತ್ತಿರುವಾಗಲೇ ಒಂದು ಭಾಗ, ಆ ಕ್ಷಣ ಬಂದಾಗ ಇನ್ನೊಂದು ಭಾಗ ಸ್ಪಂದಿಸುತ್ತದೆ. ಖಿನ್ನತೆಯಲ್ಲಿ ಮಂಕಾಗುವುದು ಇದೇ ವ್ಯವಸ್ಥೆ. ಹಾಗಾಗಿ ಮೊದಲ ವಾರಗಳಲ್ಲಿ ಆನಂದವನ್ನು ನಿರೀಕ್ಷಿಸದೆ, ಅಂಕ 3ರಿಂದ 4ಕ್ಕೆ ಏರಿದರೂ ಅದನ್ನು ಫಲವೆಂದೇ ಎಣಿಸಬೇಕು. ಬೇರೆಲ್ಲ ಸುಖಗಳನ್ನೂ ಸಹಜವಾಗಿ ಅನುಭವಿಸುವ ಆರೋಗ್ಯವಂತರಲ್ಲೂ ಕೆಲವರಿಗೆ ಸಂಗೀತದಿಂದ ಮಾತ್ರ ಯಾವ ಸುಖವೂ ಸಿಗುವುದಿಲ್ಲವೆಂಬುದು ಅಧ್ಯಯನಗಳಲ್ಲಿ ದಾಖಲಾಗಿದೆ. ಅಂಥವರು ಈ ದಾರಿಯನ್ನು ಬಿಟ್ಟು ನಡಿಗೆಯನ್ನೋ ಮತ್ತೊಂದನ್ನೋ ಹಿಡಿಯುವುದು ಸರಿ.

ಆಯ್ದ ಹಾಡುಗಳನ್ನು ಜೋಡಿಸುವ ಕ್ರಮದಲ್ಲಿ ಒಂದು ಹಳೆಯ ಸೂತ್ರ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಮನೋವೈದ್ಯ ಐರಾ ಆಲ್ಟ್‌ಶುಲರ್ 1940ರ ದಶಕದಲ್ಲಿ ರೂಪಿಸಿದ ಈ ಸೂತ್ರದ ಪ್ರಕಾರ, ಕೇಳುವವರ ಸದ್ಯದ ಮನಸ್ಥಿತಿಗೆ ಹೊಂದುವ ಸಂಗೀತದಿಂದ ಆರಂಭಿಸಿ, ತಲುಪಬೇಕಾದ ಮನಸ್ಥಿತಿಯ ಕಡೆಗೆ ಮೆಲ್ಲಮೆಲ್ಲನೆ ಸಾಗಬೇಕು. ಕುಗ್ಗಿದ ಮನಸ್ಸಿಗೆ ಏಕಾಏಕಿ ಕುಣಿತದ ಹಾಡು ಹಾಕಿದರೆ ಅದು ಅಣಕಿಸಿದಂತೆ ಕೇಳಿಸುತ್ತದೆ, ಕಿರಿಕಿರಿಯೇ ಹೆಚ್ಚುತ್ತದೆ. ಅರ್ಧ ಗಂಟೆಯ ಒಂದು ಸರಣಿಯಲ್ಲಿ ಆರು ಹಾಡುಗಳಿದ್ದರೆ, ಮೊದಲೆರಡು ನಿಧಾನದವು, ಗಂಭೀರವಾದವು ಇರಲಿ. ನಡುವಿನೆರಡರಲ್ಲಿ ಗತಿ ಸ್ವಲ್ಪ ಏರಲಿ, ಭಾವ ತಟಸ್ಥವಾಗಿರಲಿ. ಕೊನೆಯೆರಡು ಹಗುರವಾಗಿರಲಿ, ಉತ್ಸಾಹ ಉಕ್ಕುವಂಥವೇ ಆಗಬೇಕೆಂದಿಲ್ಲ. ಗತಿಯನ್ನು ಅಳೆಯುವುದು ಸುಲಭ: ಬೆರಳಿನಿಂದ ತಾಳ ಹಾಕುತ್ತ 15 ಸೆಕೆಂಡುಗಳಲ್ಲಿ ಬಿದ್ದ ಪೆಟ್ಟುಗಳನ್ನು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಲೆಕ್ಕ ಸಿಗುತ್ತದೆ. 60-70ರಿಂದ ಹೊರಟು 100ರ ಆಸುಪಾಸಿಗೆ ಬಂದು ನಿಂತರೆ ಸಾಕು.

ದುಃಖದ ಹಾಡುಗಳನ್ನು ಕೇಳಬಹುದೇ ಎಂಬುದು ಇಲ್ಲಿನ ಅತ್ಯಂತ ಸೂಕ್ಷ್ಮವಾದ ಪ್ರಶ್ನೆ. ಖಿನ್ನತೆಯಿರುವವರು ಇತರರಿಗಿಂತ ಹೆಚ್ಚಾಗಿ ದುಃಖದ ಸಂಗೀತವನ್ನೇ ಆರಿಸಿಕೊಳ್ಳುತ್ತಾರೆ ಎಂಬ ಅಧ್ಯಯನವೊಂದು 2015ರಲ್ಲಿ ಬಂದಾಗ, ಅವರು ದುಃಖದಲ್ಲೇ ಇರಬಯಸುತ್ತಾರೇನೋ ಎಂಬ ಅನುಮಾನ ಹುಟ್ಟಿತ್ತು. 2020ರ ಇನ್ನೊಂದು ಅಧ್ಯಯನ ಆ ಅನುಮಾನವನ್ನು ಬಹುಮಟ್ಟಿಗೆ ತಿದ್ದಿತು: ಅವರನ್ನು ಸೆಳೆಯುತ್ತಿದ್ದುದು ಆ ಸಂಗೀತದ ಶಾಂತ, ಮಂದ ಗುಣ, ಅದು ಸಮಾಧಾನ ಕೊಡುತ್ತದೆ ಎಂಬುದೇ ಅವರು ಹೇಳಿದ ಕಾರಣ. ಹೀಗಾಗಿ ದುಃಖದ ಹಾಡನ್ನು ಸಾರಾಸಗಟಾಗಿ ನಿಷೇಧಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಸಮಾಧಾನ ಪಡೆಯುವುದಕ್ಕೂ ಕೊರಗಿನಲ್ಲಿ ಸುತ್ತುವುದಕ್ಕೂ ನಡುವಿನ ಗೆರೆ ತೆಳುವಾದದ್ದು. ಹಾಡು ಕೇಳಿ ಅತ್ತು, ಬಳಿಕ ಎದೆ ಹಗುರಾಗಿ ಎದ್ದು ಮುಖ ತೊಳೆದುಕೊಳ್ಳುವಂತಾದರೆ ತೊಂದರೆಯಿಲ್ಲ. ಒಂದೇ ಹಾಡನ್ನು ಮತ್ತೆ ಮತ್ತೆ ಹಾಕುವುದು, ಅದರ ಹಿನ್ನೆಲೆಯಲ್ಲಿ ಹಳೆಯ ಘಟನೆಗಳನ್ನು ಮೆಲುಕು ಹಾಕುತ್ತ ತನ್ನನ್ನೇ ದೂಷಿಸಿಕೊಳ್ಳುವುದು, ಯಾರಾದರೂ ಕರೆದರೆ ಓಗೊಡದಿರುವ ನೆಪವಾಗಿ ಇಯರ್‌ಫೋನ್ ಹಾಕಿಕೊಳ್ಳುವುದು, ಅಂಕ ಪ್ರತಿಸಲವೂ ಇಳಿಯುವುದು, ಇವು ಕೊರಗಿನ ಗುರುತುಗಳು. ಇವುಗಳಲ್ಲಿ ಯಾವುದೇ ಒಂದು ಕಾಣಿಸಿದರೂ ಆ ಹಾಡನ್ನು ಪಟ್ಟಿಯಿಂದ ತೆಗೆದು, ಎದ್ದು ಕೋಣೆಯಿಂದ ಹೊರಗೆ ಬನ್ನಿ.

ಇದೇ ಕಾರಣಕ್ಕೆ ಆ್ಯಪ್‌ಗಳ ಆಟೋಪ್ಲೇಯನ್ನು ನಿಲ್ಲಿಸಿಡಬೇಕು. ಹಿಂದಿನ ಹಾಡಿನಂಥದೇ ಇನ್ನೊಂದನ್ನು ತಂದಿಡುವುದು ಅದರ ಕೆಲಸ. ದುಃಖದಿಂದ ಆರಂಭಿಸಿದವರನ್ನು ದುಃಖದಲ್ಲೇ ಮುಂದುವರಿಸುತ್ತದೆ.

ಕೇಳುವ ಹೊತ್ತು ನಿಗದಿಯಾಗಿದ್ದರೆ ಅನುಕೂಲ. ಮನಸ್ಸಾದಾಗ ಕೇಳೋಣವೆಂದುಕೊಂಡರೆ ಖಿನ್ನತೆಯಲ್ಲಿ ಮನಸ್ಸಾಗುವುದೇ ಇಲ್ಲ. ದಿನಕ್ಕೊಮ್ಮೆ, ಇಪ್ಪತ್ತರಿಂದ ಮೂವತ್ತು ನಿಮಿಷ, ಸಾಧ್ಯವಾದಷ್ಟೂ ಬೇರೆ ಯಾವ ಪರದೆಯನ್ನೂ ನೋಡದೆ ಕೇಳಿ. ಯೋಚನೆ ಅತ್ತಿತ್ತ ಓಡಿದರೆ ಒಂದು ವಾದ್ಯವನ್ನೋ ತಾಳವನ್ನೋ ಹಿಡಿದು ಅದನ್ನೇ ಹಿಂಬಾಲಿಸಿ. ಗಮನವನ್ನು ಹೊರಗಿನ ನಾದದ ಮೇಲೆ ನಿಲ್ಲಿಸುವುದರಿಂದ ಸ್ವಲ್ಪ ಹೊತ್ತಾದರೂ ಮೆಲುಕಿನ ಸರಪಳಿ ತುಂಡಾಗುತ್ತದೆ. ಹಲವರಿಗೆ ಖಿನ್ನತೆಯ ಭಾರ ಬೆಳಗಿನ ಹೊತ್ತು ಹೆಚ್ಚಾಗಿರುತ್ತದೆ. ಅಂಥವರು ಹಾಸಿಗೆಯಲ್ಲಿ ಮಲಗಿ ಕೇಳುವ ಬದಲು, ಹಾಡನ್ನು ಒಂದು ಸಣ್ಣ ಕೆಲಸಕ್ಕೆ ಗಂಟು ಹಾಕಲಿ: ಈ ಹಾಡು ಮುಗಿಯುವುದರೊಳಗೆ ಹಲ್ಲುಜ್ಜುವುದು, ಆ ಹಾಡಿಗೆ ಹಾಸಿಗೆ ಮಡಿಸುವುದು, ಮುಂದಿನ ಎರಡಕ್ಕೆ ಮನೆಯ ಹೊರಗೆ ನಡೆದುಬರುವುದು. ಮನಸ್ಸು ಬರಲೆಂದು ಕಾಯದೆ ಸಣ್ಣ ಕ್ರಿಯೆಗಳಿಂದ ಆರಂಭಿಸುವ ವಿಧಾನ ಖಿನ್ನತೆಯ ಮನೋಚಿಕಿತ್ಸೆಯಲ್ಲಿ ಈಗಾಗಲೇ ನೆಲೆಯೂರಿದೆ. ಸಂಗೀತ ಅದಕ್ಕೆ ಆರಂಭದ ಸೂಚನೆಯನ್ನೂ ಸಮಯದ ಮಿತಿಯನ್ನೂ ಒದಗಿಸುತ್ತದೆ. ಬರೀ ಕೂತು ಕೇಳುವುದಕ್ಕಿಂತ ಇದೇ ಹೆಚ್ಚು ಉಪಯುಕ್ತವೆಂಬುದು ನನ್ನ ಅಭಿಪ್ರಾಯ.

ರಾತ್ರಿಯ ಪಟ್ಟಿ ಬೇರೆಯೇ ಇರಬೇಕು. ನಿದ್ರಾಹೀನತೆಯ ಬಗ್ಗೆ 2022ರ ಕಾಕ್ರೇನ್ ವಿಮರ್ಶೆ 13 ಅಧ್ಯಯನಗಳ 1007 ಜನರನ್ನು ಪರಿಗಣಿಸಿ, ಧ್ವನಿಮುದ್ರಿತ ಸಂಗೀತ ಕೇಳಿದವರ ನಿದ್ದೆಯ ಗುಣಮಟ್ಟ ಸುಧಾರಿಸಿತೆಂದು ಕಂಡುಕೊಂಡಿತು. ಆ ಅಧ್ಯಯನಗಳಲ್ಲಿ ಕೇಳುತ್ತಿದ್ದುದು ದಿನಕ್ಕೆ 25ರಿಂದ 60 ನಿಮಿಷ. ನಿಮಿಷಕ್ಕೆ 60ರಿಂದ 80 ಪೆಟ್ಟಿನ, ಏರಿಳಿತ ಕಡಿಮೆಯಿರುವ, ಮಾತಿಲ್ಲದ ಸಂಗೀತವನ್ನು ಇಯರ್‌ಫೋನ್ ಬಿಟ್ಟು ಸ್ಪೀಕರಿನಲ್ಲಿ ಮೆಲ್ಲಗೆ ಹಾಕಿ, ತಾನಾಗಿಯೇ ನಿಲ್ಲುವಂತೆ ಟೈಮರ್ ಇಟ್ಟು, ಫೋನನ್ನು ಕೈಗೆಟುಕದಷ್ಟು ದೂರದಲ್ಲಿಡಿ. ನಡುವೆ ಜಾಹೀರಾತು ನುಗ್ಗದಂತೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡಿರಬೇಕು. ಹಗಲಿನ ವಿಷಯಕ್ಕೆ ಬಂದರೆ, ವಯಸ್ಕರಿಗೆ 80 ಡೆಸಿಬೆಲ್ ಶಬ್ದ ವಾರಕ್ಕೆ 40 ಗಂಟೆಯ ಮಿತಿ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪಕರಣದ ಧ್ವನಿಯನ್ನು ಗರಿಷ್ಠದ ಶೇ 60ರೊಳಗೆ ಇಟ್ಟರೆ ಈ ಲೆಕ್ಕಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಇಂಥ ರಾಗ ಇಂಥ ರೋಗಕ್ಕೆ ಎಂಬ ಕೋಷ್ಟಕಗಳೂ 432 ಹರ್ಟ್ಸ್‌ನ "ಗುಣಪಡಿಸುವ" ಶ್ರುತಿಯ ವಿಡಿಯೊಗಳೂ ಬೇಕಾದಷ್ಟು ಸಿಗುತ್ತವೆ. ಇಷ್ಟವಾದರೆ ಕೇಳಲು ಅಡ್ಡಿಯಿಲ್ಲ. ಔಷಧವೆಂದು ನಂಬಲು ಆಧಾರವಿಲ್ಲ, ಹಣ ತೆರಲಂತೂ ಕಾರಣವೇ ಇಲ್ಲ.

ಕೆಲವು ಎಚ್ಚರಿಕೆಗಳನ್ನು ಮರೆಯುವಂತಿಲ್ಲ. ಹಾಡು ಕೇಳಿ ಹಾಯೆನಿಸಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಖಿನ್ನತೆಯ ಮಾತ್ರೆಗಳು ಫಲ ಕೊಡಲು ಕೆಲವು ವಾರಗಳು ಬೇಕು, ಥಟ್ಟನೆ ಬಿಟ್ಟರೆ ತಲೆಸುತ್ತು, ಚಡಪಡಿಕೆಯಂಥ ತೊಂದರೆಗಳು ಬರಬಹುದು. ಖಿನ್ನತೆ ಮತ್ತು ಉನ್ಮಾದ ಎರಡೂ ಹಂತಗಳು ಬಂದುಹೋಗುವ ಬೈಪೋಲಾರ್ ಕಾಯಿಲೆಯಿರುವವರಲ್ಲಿ ನಿದ್ದೆ ಕೆಟ್ಟರೆ ಉನ್ಮಾದದ ಹಂತ ಕೆರಳುವ ಸಾಧ್ಯತೆಯಿರುವುದರಿಂದ, ತಡರಾತ್ರಿ ಅಬ್ಬರದ ಸಂಗೀತ ಬೇಡ. ನಾಲ್ಕು ವಾರಗಳಾದ ಮೇಲೆ ಪಿಎಚ್‌ಕ್ಯೂ-9 ಮತ್ತೊಮ್ಮೆ ತುಂಬಿಸಿ, ದಿನದ ಅಂಕಗಳ ಹಾಳೆಯ ಜೊತೆಗೆ ವೈದ್ಯರ ಮುಂದಿಡಿ. ಮೊತ್ತ ಇಳಿಯದಿದ್ದರೆ ಬದಲಾಗಬೇಕಾದದ್ದು ಮುಖ್ಯ ಚಿಕಿತ್ಸೆಯೇ ಇರಬಹುದು. ಹಾಡಿನ ಪಟ್ಟಿಯನ್ನು ತಿದ್ದುತ್ತ ಕಾಲ ಕಳೆಯಬಾರದು. ಬದುಕು ಸಾಕೆಂಬ ಯೋಚನೆ ಬಂದಾಗ ಸಂಗೀತವನ್ನು ನಿಲ್ಲಿಸಿ, ಹತ್ತಿರದವರನ್ನು ಕರೆದು ಪಕ್ಕದಲ್ಲಿರಲು ಹೇಳಿ, ತುರ್ತು ಸೇವೆಗೋ ಆತ್ಮಹತ್ಯೆ ತಡೆ ಸಹಾಯವಾಣಿಗೋ ತಕ್ಷಣ ಕರೆ ಮಾಡಬೇಕು.

ಮನೆಯವರಿಗೂ ಇದರಲ್ಲಿ ಪಾತ್ರವಿದೆ. ಖಿನ್ನರಾದವರ ಕೋಣೆಯಲ್ಲಿ ಕೇಳದೆಯೇ ಹಾಡು ಹಾಕುವುದು, "ಇದನ್ನು ಕೇಳು, ಸರಿಹೋಗುತ್ತೀಯ" ಎಂದು ಲಿಂಕುಗಳನ್ನು ಕಳಿಸುತ್ತಲೇ ಇರುವುದು ಸಹಾಯವಲ್ಲ. ನಿಗದಿಯಾದ ಹೊತ್ತಿಗೆ ನೆನಪಿಸುವುದು, ಒಪ್ಪಿದರೆ ಜೊತೆಯಲ್ಲಿ ಕುಳಿತು ಕೇಳುವುದು, ಮುಗಿದ ಮೇಲೆ ಅಂಕ ಎಷ್ಟೆಂದು ವಿಚಾರಿಸಿ ಹಾಳೆಯಲ್ಲಿ ಬರೆದಿಡುವುದು, ಅವರು ಈ ದಿನ ಬೇಡವೆಂದರೆ ಒತ್ತಾಯಿಸದೆ ಮರುದಿನ ಮತ್ತೆ ಕೇಳುವುದು, ಇಷ್ಟು ಮಾಡಿದರೆ ಸಾಕು.