ಯೂತ್ ಸೆಂಟರ್ ನಡೆಸ್ತಾ ನಾನು ಕಂಡ್ಕೊಂಡಿದ್ದು

ಹುಡುಗ್ರಿಗೆ ಏನಾದ್ರೂ ಮಾಡೋಣ ಅಂತ ಹೊರಟವ್ರ ತಲೇಲಿ ಮೊದ್ಲು ಬರೋದು ಕ್ಯಾಂಪು, ಭಾಷಣ, ಸರ್ಟಿಫಿಕೇಟು, ಗ್ರೂಪ್ ಫೋಟೋ. ಏರಿಯಾದ ಯೂತ್ ಸೆಂಟರ್ ನೋಡ್ಕೊಳ್ತಾ ನಂಗೆ ಗೊತ್ತಾಗಿದ್ದು ಬೇರೆ. ಆ ವಯಸ್ಸಿನವ್ರಿಗೆ ಅದೆಲ್ಲಕ್ಕಿಂತ ಮೊದ್ಲು ಬೇಕಾಗಿರೋದು ದಿನಾ ಒಂದೇ ಟೈಮಿಗೆ ತೆಗೆಯೋ ಬಾಗಿಲು, ಒಳಗೆ ದಿನಾ ಅದೇ ಮುಖ. ಅದಕ್ಕೇ ನಾನು ಸಂಜೆ ಹೊತ್ತು ಆರಿಸ್ಕೊಂಡೆ, ಕ್ಲಾಸ್ ಬಿಟ್ಟು ಮನೆಯವ್ರು ಕೆಲ್ಸದಿಂದ ವಾಪಸ್ ಬರೋವರೆಗೆ ಇವ್ರನ್ನ ಕೇಳೋರೇ ಇರಲ್ವಲ್ಲ, ಆ ಹೊತ್ತು. ಫೀಸ್ ಇಲ್ಲ, ಯಾಕ್ ಬಂದೆ ಅಂತ ಕೇಳೋದೂ ಇಲ್ಲ.

ಒಬ್ಬ ಹುಡುಗ ಬರ್ತಿದ್ದ, ಆಟಕ್ಕೆ ಸೇರ್ತಿರ್ಲಿಲ್ಲ, ಗೋಡೆಗೆ ಒರಗಿ ನಿಂತು ಹೋಗ್ತಿದ್ದ. ಒಂದಿನ ರಬ್ಬರ್ ಕಿತ್ತುಬಂದಿದ್ದ ಟೇಬಲ್ ಟೆನಿಸ್ ಬ್ಯಾಟು, ಗಮ್ ಟ್ಯೂಬು ಅವನ ಕೈಗೆ ಕೊಟ್ಟು ಇದೊಂಚೂರು ಅಂಟಿಸ್ಕೊಡಪ್ಪಾ ಅಂದೆ. ಹಳೇ ಗಮ್ಮನ್ನ ಉಗುರಲ್ಲಿ ಕೆರೀತಾ, ತಲೆ ಎತ್ತದೇನೇ, "ಅಣ್ಣಾ, ನಾನು ಕಾಲೇಜಿಗೆ ಹೋಗ್ತಾ ಇಲ್ಲ" ಅಂದ. ಯಾಕೆ ಏನು ಅಂತ ಮೇಲೆ ಬೀಳ್ಲಿಲ್ಲ, ಇನ್ನೊಂದು ಬ್ಯಾಟ್ ತಗೊಂಡು ನಾನೂ ಪಕ್ಕದಲ್ಲಿ ಕೂತೆ, ಆಮೇಲೆ ಅವನೇ ಹೇಳ್ತಾ ಹೋದ, ನಿದ್ದೆ ಬರಲ್ಲ, ಎದೆ ಡವಡವ ಅನ್ನುತ್ತೆ, ಕ್ಲಾಸ್ ಬಾಗಿಲವರೆಗೂ ಹೋಗಿ ವಾಪಸ್ ಬರ್ತೀನಿ ಅಂತ. ಎದುರಿಗೆ ಕೂರಿಸ್ಕೊಂಡು ಏನು ನಿನ್ ಪ್ರಾಬ್ಲಮ್ ಅಂತ ಕೇಳಿದ್ರೆ ಈ ಮಾತು ಹೊರಗೆ ಬರ್ತಾನೇ ಇರ್ಲಿಲ್ಲ. 10ರಿಂದ 19 ವಯಸ್ಸಿನ ಏಳು ಜನರಲ್ಲಿ ಒಬ್ಬರಿಗೆ ಮಾನಸಿಕ ಆರೋಗ್ಯದ ಸಮಸ್ಯೆ ಇರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅಂದ್ರೆ ಸಂಜೆ ತುಂಬಿರೋ ರೂಮಲ್ಲಿ ಇಂಥವ್ರು ಇದ್ದೇ ಇರ್ತಾರೆ. ನಾವು ಡಾಕ್ಟರ್ ಅಲ್ಲ, ಔಷಧಿ ಹೇಳೋಕೆ ಹೋಗ್ಬಾರ್ದು. ಕೌನ್ಸೆಲರ್ ನಂಬರ್ ಕೊಟ್ಟು ಕೈತೊಳ್ಕೊಂಡ್ರೂ ಆಗಲ್ಲ, ಮೊದಲ್ನೇ ಸಲ ಜೊತೇಲೇ ಹೋಗ್ಬೇಕು. ನಾನು ಹೋದೆ, ಅವನು ಒಳಗಿದ್ದಷ್ಟು ಹೊತ್ತು ಹೊರಗೆ ಕೂತಿದ್ದೆ.

ಒಂದು ಮಾತನ್ನಂತೂ ಎಲ್ರಿಗೂ ಮೊದ್ಲೇ ಹೇಳಿರ್ತೀನಿ: ನೀವು ಹೇಳಿದ್ದು ನನ್ನಲ್ಲೇ ಇರುತ್ತೆ, ಆದ್ರೆ ನಿಮ್ಮ ಜೀವಕ್ಕೋ ಬೇರೆಯವ್ರ ಜೀವಕ್ಕೋ ಅಪಾಯ ಇದೆ, ಯಾರೋ ಹಿಂಸೆ ಕೊಡ್ತಿದಾರೆ ಅಂತಾದ್ರೆ ಸಂಬಂಧಪಟ್ಟವ್ರಿಗೆ ಹೇಳಲೇಬೇಕು, ಹೇಳೋಕೆ ಮುಂಚೆ ನಿಮಗೆ ತಿಳಿಸ್ತೀನಿ. ಇಷ್ಟು ಕ್ಲಿಯರ್ ಆಗಿದ್ರೆ ಹುಡುಗ್ರು ಇನ್ನೂ ಜಾಸ್ತಿ ನಂಬ್ತಾರೆ.

ಇನ್ನು ಟೈಮ್‌ಟೇಬಲ್. ಅದನ್ನ ಅವರ ಕೈಗೇ ಬಿಟ್ಟೆ. ರೋಜರ್ ಹಾರ್ಟ್ ಅನ್ನೋ ಸಂಶೋಧಕರು ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆ ಯುನಿಸೆಫ್‌ಗೆ 1992ರಲ್ಲಿ ಬರೆದ ಪ್ರಬಂಧದಲ್ಲಿ ಮಕ್ಕಳ ಭಾಗವಹಿಸುವಿಕೆಗೆ 8 ಮೆಟ್ಟಿಲಿನ ಏಣಿ ಕೊಟ್ಟಿದಾರೆ, ಮೇಲೆ ಹೋದಷ್ಟೂ ಮಕ್ಕಳ ಪಾಲು ಜಾಸ್ತಿ, ಕೆಳಗಿನ 3 ಮೆಟ್ಟಿಲು ಬರೀ ತೋರಿಕೆ. ವೇದಿಕೆ ಮೇಲೆ ಇಬ್ರು ಹುಡುಗ್ರನ್ನ ಕೂರಿಸೋದು ಆ ಲೆಕ್ಕಕ್ಕೇ ಬರುತ್ತೆ. ನಮ್ಮಲ್ಲಿ ಹುಡುಗೀರು ಮೀಟಿಂಗಲ್ಲಿ ಎದ್ದುನಿಂತು ಟೇಬಲ್ ಟೆನಿಸ್ ಟೇಬಲ್ ಯಾವಾಗ್ಲೂ ಹುಡುಗ್ರ ಹತ್ರಾನೇ ಇರುತ್ತೆ ಅಂದ್ರು, ವಾದ ಆಯ್ತು, ಕೊನೆಗೆ ಪಾಳಿ ಅವ್ರವ್ರೇ ಹಾಕ್ಕೊಂಡ್ರು. ನಾನು ಹಾಕಿದ್ದ ರೂಲ್ಸ್ ಯಾರೂ ಇಷ್ಟು ಪಾಲಿಸಿರ್ಲಿಲ್ಲ. ಮೀಟಿಂಗಲ್ಲಿ ಮಾತಾಡಿ ರೂಢಿಯಾದವ್ರು ಕೆಲ್ಸದ ಇಂಟರ್‌ವ್ಯೂನಲ್ಲೂ ತಡವರಿಸಲ್ಲ, ಇದನ್ನ ಕಣ್ಣಾರೆ ನೋಡಿದೀನಿ.

ಹೊಸದಾಗಿ ಶುರು ಮಾಡೋರಿಗೆ ನಾನು ಹೇಳೋದು, ದುಡ್ಡು ಕಮ್ಮಿ ಇದ್ರೆ ದೊಡ್ಡ ಈವೆಂಟ್ ಬಿಟ್ಬಿಡಿ, ಸ್ಟಾಫ್ ಸಂಬಳ ಮಾತ್ರ ನಿಲ್ಲಿಸ್ಬೇಡಿ. ಒಬ್ರನ್ನ ನಂಬೋಕೆ ಈ ಹುಡುಗ್ರಿಗೆ ತಿಂಗಳುಗಟ್ಲೆ ಬೇಕಾಗುತ್ತೆ, ಆ ಮನುಷ್ಯ ಕೆಲ್ಸ ಬಿಟ್ಟುಹೋದ್ರೆ ಎಷ್ಟೋ ಜನ ಆಮೇಲೆ ಬರೋದೇ ಇಲ್ಲ.