ನದಿ ಕ್ರೂಸ್‌ಗೆ ದುಡ್ಡು ಕಟ್ಟುವ ಮುಂಚೆ ಹಗಲು ಎಷ್ಟಿದೆ ನೋಡಿ

ಮೊದಲ ಸಲ ಡ್ಯಾನ್ಯೂಬ್ ನದಿಯ ಕ್ರೂಸ್‌ಗೆ ಹೋದಾಗ ವೇಳಾಪಟ್ಟಿಯಲ್ಲಿ ‘ಮೆಲ್ಕ್‌ನಿಂದ ವಾಖಾವ್ ಕಣಿವೆಯ ಮೂಲಕ ವಿಯೆನ್ನಾಕ್ಕೆ’ ಎಂದು ಬರೆದಿತ್ತು. ನಾನು ಅಷ್ಟೇ ಓದಿ ದುಡ್ಡು ಕಟ್ಟಿದೆ. ಅದು ಅಕ್ಟೋಬರ್ ಕೊನೆ. ಹಡಗು ಮೆಲ್ಕ್ ಬಿಟ್ಟಾಗ ಸಂಜೆ ಏಳು ಗಂಟೆ. ಹೊರಗೆ ಗವ್ವೆನ್ನುವ ಕತ್ತಲು.

“ರೀ, ಕಣಿವೆ ಎಲ್ಲಿ?” ಅಂದೆ.

“ಇಲ್ಲೇ ಎಲ್ಲೋ ಇರಬೇಕು ಕಣೇ” ಅಂದರು ನಮ್ಮ ಯಜಮಾನರು, ಕಿಟಕಿಗೆ ಮೂಗು ಒತ್ತಿಕೊಂಡು. ಗಾಜಿನಲ್ಲಿ ಕಂಡಿದ್ದು ನಮ್ಮಿಬ್ಬರ ಮುಖ, ಹಿಂದಿನ ಮೇಜಿನ ಸೂಪ್ ಬಟ್ಟಲು. ಬೆಳಗ್ಗೆ ಎದ್ದಾಗ ವಿಯೆನ್ನಾ ಬಂದಿತ್ತು.

ಇದರಲ್ಲಿ ಟೂರ್ ಕಂಪನಿಯವರು ಸುಳ್ಳು ಹೇಳಿದ್ದೇನೂ ಇಲ್ಲ. ಕಣಿವೆಯ ಮೂಲಕವೇ ಕರೆದುಕೊಂಡು ಹೋದರು. ಆದರೆ ಯುರೋಪಿನ ನದಿ ಹಡಗುಗಳು ಹೆಚ್ಚಾಗಿ ಓಡುವುದೇ ರಾತ್ರಿ. ಹಗಲಿಡೀ ಊರಿನ ಮಧ್ಯದಲ್ಲೇ ಹಡಗು ಕಟ್ಟಿರುತ್ತಾರೆ, ಜನ ಇಳಿದು ಚರ್ಚು, ಮಾರುಕಟ್ಟೆ ನೋಡುತ್ತಾರೆ. ಊಟ, ನಿದ್ದೆ ಆಗುವಷ್ಟರಲ್ಲಿ ಇನ್ನೊಂದು ಊರು. ಅನುಕೂಲವೇನೋ ಹೌದು. ಆದರೆ ನೀವು ದುಡ್ಡು ಕೊಟ್ಟಿದ್ದು ನದಿ ನೋಡಲು, ಅಲ್ವಾ? ಹಾಗಿದ್ದರೆ ಲೆಕ್ಕ ಹಾಕಬೇಕಾದ್ದು ನದಿಯ ಮೇಲೆ ಸಿಗುವ ಹಗಲಿನ ಗಂಟೆಗಳನ್ನು.

ಮೊದಲು ನದಿಯ ತುಂಡು ಆರಿಸಿ

ಹಡಗಿನಲ್ಲಿ ಎಷ್ಟು ನಕ್ಷತ್ರ, ಬಾತ್‌ರೂಮ್ ಎಷ್ಟು ದೊಡ್ಡದು ಅನ್ನುವುದೆಲ್ಲ ಆಮೇಲೆ. ಇಡೀ ನದಿಯೇನೂ ಚೆಂದ ಇರುವುದಿಲ್ಲ. ಕಲೋನ್ ದಾಟಿ ಕೆಳಕ್ಕೆ ಹೋದರೆ ರೈನ್ ಬಯಲು ನದಿ, ದಡದಲ್ಲಿ ಕಾರ್ಖಾನೆ, ಮರಳು, ಕಂಟೇನರು. ಅಲ್ಲಿ ಆರಾಮಾಗಿ ನಿದ್ದೆ ಮಾಡಿ. ಎಚ್ಚರ ಇರಬೇಕಾದ ಜಾಗಗಳು ಕೆಲವೇ.

ಜರ್ಮನಿಯಲ್ಲಿ ಕೋಬ್ಲೆಂಜ್‌ನಿಂದ ಬಿಂಗೆನ್, ರೂಡೆಸ್‌ಹೈಮ್‌ವರೆಗಿನ ರೈನ್ ಕಣಿವೆ. ಸುಮಾರು 65 ಕಿ.ಮೀ. ಉದ್ದ. 2002ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಆಸ್ಟ್ರಿಯಾದಲ್ಲಿ ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖಾವ್, 36 ಕಿ.ಮೀ. ನಾನು ಕತ್ತಲಲ್ಲಿ ‘ನೋಡಿದ’ ಜಾಗ ಇದೇ. ಸರ್ಬಿಯಾ ಮತ್ತು ರೊಮೇನಿಯಾ ನಡುವಿನ ಐರನ್ ಗೇಟ್ಸ್ ಕಮರಿ ಡ್ಯಾನ್ಯೂಬಿನ ಕೆಳ ಭಾಗಕ್ಕೆ ಹೋಗುವ ಪ್ರವಾಸಗಳಲ್ಲಿ ಮಾತ್ರ ಸಿಗುತ್ತದೆ. ಅಲ್ಲಿ ಬಂಡೆಯಲ್ಲಿ ಪ್ರಾಚೀನ ಡೇಸಿಯಾ ರಾಜ್ಯದ (ಈಗಿನ ರೊಮೇನಿಯಾ) ದೊರೆ ಡೆಸಿಬಾಲಸ್‌ನ ಮುಖ ಕೆತ್ತಿದ್ದಾರೆ, ಸುಮಾರು 40 ಮೀಟರ್ ಎತ್ತರ. ತೀರಾ ಹಳೆಯದೇನಲ್ಲ, ಮುಗಿದಿದ್ದು 2004ರಲ್ಲಿ.

ಇನ್ನು ಪೋರ್ಚುಗಲ್‌ನ ಡೌರೊ. ಈ ಲೇಖನದ ತಲೆಬಿಸಿಯೇ ಬೇಡ ಅನ್ನುವವರು ಸೀದಾ ಅಲ್ಲಿಗೆ ಹೋಗಿ. ಆ ನದಿಯಲ್ಲಿ ರಾತ್ರಿ ಪ್ರಯಾಣಿಕರ ಹಡಗು ಓಡಿಸುವಂತಿಲ್ಲ. ಸಾಗುವುದೆಲ್ಲ ಹಗಲಲ್ಲೇ.

ಏಜೆಂಟನ್ನು ಕೇಳಬೇಕಾದ ಪ್ರಶ್ನೆ

‘ಸೀನಿಕ್ ಕ್ರೂಸಿಂಗ್ ಇದೆಯಾ?’ ಎಂದು ಕೇಳಬೇಡಿ. ‘ಇದೆ ಮೇಡಂ’ ಅಂತಲೇ ಹೇಳುತ್ತಾರೆ. ಹೀಗೆ ಕೇಳಿ: “ಕೋಬ್ಲೆಂಜ್ ಎಷ್ಟು ಗಂಟೆಗೆ ಬಿಡ್ತೀರಾ? ರೂಡೆಸ್‌ಹೈಮ್‌ಗೆ ಎಷ್ಟು ಗಂಟೆಗೆ ಸೇರ್ತೀರಾ?” ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳಿ. ಆಮೇಲೆ ಆ ತಿಂಗಳ ಸೂರ್ಯಾಸ್ತದ ಸಮಯ ಫೋನಿನಲ್ಲೇ ನೋಡಿ. ರೈನ್ ದಡದಲ್ಲಿ ಜೂನ್ ಕೊನೆಗೆ ರಾತ್ರಿ ಒಂಬತ್ತೂವರೆವರೆಗೆ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ದೀಪ ಹಚ್ಚಬೇಕು. ಕ್ರಿಸ್‌ಮಸ್ ಮಾರುಕಟ್ಟೆಯ ಕ್ರೂಸ್‌ಗಳು ಅಗ್ಗ ಅನ್ನಿಸಿದರೆ ಇದನ್ನು ನೆನಪಿಡಿ. ಮಾರುಕಟ್ಟೆ ನೋಡಲು ಅವು ಸರಿ, ಕಣಿವೆ ನೋಡಲು ಅಲ್ಲ.

ಜೊತೆಗೆ ಹಡಗು ಯಾವ ದಿಕ್ಕಿಗೆ ಹೋಗುತ್ತದೆ ಎಂದೂ ಕೇಳಿ. ಇದನ್ನು ಯಾರೂ ಕೇಳುವುದಿಲ್ಲ. ರೈನ್‌ನಲ್ಲಿ ಸೆಳೆತ ಜಾಸ್ತಿ. ಕೋಬ್ಲೆಂಜ್‌ನಿಂದ ರೂಡೆಸ್‌ಹೈಮ್‌ಗೆ ನೀರಿಗೆ ಎದುರಾಗಿ ಹೋದರೆ ಸುಮಾರು ಆರು ಗಂಟೆ. ನೀರಿನ ಜೊತೆ ಇಳಿದರೆ ನಾಲ್ಕು ಗಂಟೆಯಲ್ಲಿ ಮುಗಿದೇ ಹೋಯಿತು. ವಾಖಾವ್‌ನಲ್ಲೂ ಅಷ್ಟೇ. ಕೆಳಕ್ಕೆ ಒಂದೂಮುಕ್ಕಾಲು ಗಂಟೆಯೊಳಗೆ ಓಡುತ್ತದೆ, ಮೇಲಕ್ಕೆ ಮೂರು ಗಂಟೆ ಹತ್ತಿರ. ದುಡ್ಡು ಅಷ್ಟೇ, ನೋಡುವ ಹೊತ್ತು ಜಾಸ್ತಿ. ನನ್ನನ್ನು ಕೇಳಿದರೆ ಎದುರು ಹರಿವಿನ ಪ್ರಯಾಣವೇ ಒಳ್ಳೆಯದು.

ಕಿಲೋಮೀಟರ್ ಬೋರ್ಡು ಹಿಡಿಯಿರಿ

ಎರಡನೇ ಸಲ ಹೋದಾಗ ಕಲಿತ ಉಪಾಯ ಇದು. ರೈನ್ ದಡದಲ್ಲಿ ಪ್ರತಿ ಕಿಲೋಮೀಟರಿಗೂ ದೊಡ್ಡ ಬಿಳಿ ಬೋರ್ಡು, ಅದರ ಮೇಲೆ ಕಪ್ಪು ಅಂಕಿ. ಹೆದ್ದಾರಿಯ ಮೈಲಿಗಲ್ಲು ಇದ್ದ ಹಾಗೆ. ಕಾನ್‌ಸ್ಟಾನ್ಸ್ ಊರಿನ ಸೇತುವೆಯಲ್ಲಿ ಸೊನ್ನೆ. ಅಲ್ಲಿಂದ ಸಮುದ್ರದ ಕಡೆಗೆ ಎಣಿಕೆ. ಡ್ಯಾನ್ಯೂಬ್‌ನದು ಉಲ್ಟಾ, ಕಪ್ಪು ಸಮುದ್ರದ ಕಡೆಯಿಂದ ಮೇಲಕ್ಕೆ ಎಣಿಸುತ್ತಾರೆ. ಹಾಗಾಗಿ ಮೆಲ್ಕ್ ಹತ್ತಿರ 2036, ಡ್ಯೂರ್ನ್‌ಸ್ಟೈನ್‌ಗೆ ಇಳಿದರೆ 2009.

ಒಂದು ಚೀಟಿಯಲ್ಲಿ ಅಂಕಿ ಬರೆದು ಜೇಬಲ್ಲಿ ಇಟ್ಟುಕೊಂಡರೆ ಸ್ಪೀಕರಿನ ಕಾಮೆಂಟರಿಗೆ ಕಾಯಬೇಕಿಲ್ಲ. ಗಾಳಿಗೆ ಅದು ಅರ್ಧ ಕೇಳಿಸುವುದೂ ಇಲ್ಲ. ಕೋಬ್ಲೆಂಜ್‌ನಿಂದ ಮೇಲಕ್ಕೆ ಹೊರಟರೆ ನನ್ನ ಚೀಟಿ ಹೀಗಿದೆ.

592 ಅಂದರೆ ಮೊಸೆಲ್ ನದಿ ಬಂದು ಸೇರುವ ಮೂಲೆ. 585ರಲ್ಲಿ ಬಲಗಡೆ ಹಳದಿ ಬಣ್ಣದ ಸ್ಟೋಲ್ಟ್‌ಸನ್‌ಫೆಲ್ಸ್ ಕೋಟೆ. 580ರಲ್ಲಿ ಎಡಗಡೆ ಬೆಟ್ಟದ ತುದಿಯಲ್ಲಿ ಮಾರ್ಕ್ಸ್‌ಬುರ್ಗ್. ಈ ಕಣಿವೆಯ ಬೆಟ್ಟದ ಕೋಟೆಗಳಲ್ಲಿ ಯಾರೂ ಕೆಡವದೆ ಉಳಿದಿದ್ದು ಇದೊಂದೇ. 570ರಲ್ಲಿ ಬೊಪ್ಪಾರ್ಡ್ ಊರು. ಅಲ್ಲಿಯವರೆಗೆ ಕಾಫಿ ಕುಡಿಯುತ್ತಾ ನೋಡಬಹುದು.

559 ಬಂದ ಮೇಲೆ ಕುರ್ಚಿ ಬಿಟ್ಟು ಏಳಿ. ಎಡಗಡೆ ಮಾಸ್ ಕೋಟೆ, ಸ್ವಲ್ಪ ಮುಂದೆ ಕಾಟ್ಸ್ ಕೋಟೆ. ಅಂದರೆ ಇಲಿ ಮತ್ತು ಬೆಕ್ಕು. ಬಲಗಡೆ ಸಾಂಕ್ಟ್ ಗೋವಾರ್ ಊರಿನ ನೆತ್ತಿಯ ಮೇಲೆ ರೈನ್‌ಫೆಲ್ಸ್‌ನ ಪಾಳು ಗೋಡೆಗಳು. 554ರಲ್ಲಿ ಲೊರೆಲೈ. ಬಂಡೆಯ ಎತ್ತರ 132 ಮೀಟರ್. ಮೇಲೆ ಕೂತು ತಲೆ ಬಾಚುತ್ತಾ ಹಾಡಿ ನಾವಿಕರನ್ನು ಮುಳುಗಿಸಿದ ಹೆಣ್ಣಿನ ಕಥೆ ಇಲ್ಲಿಯದು. ನಿಜ ಹೇಳಬೇಕೆಂದರೆ ಮುಳುಗಿಸಿದ್ದು ನದಿಯ ತಿರುವು. ಇಲ್ಲಿ ನದಿ ಕಿರಿದಾಗಿ ಬಂಡೆಗೆ ಸುತ್ತು ಹಾಕುತ್ತದೆ, ಎದುರಿಗೆ ಬರುವ ಹಡಗು ಕಾಣುವುದೇ ಇಲ್ಲ. ಇವತ್ತಿಗೂ ದಡದಲ್ಲಿ ದೀಪದ ಸಿಗ್ನಲ್‌ಗಳಿವೆ, ಮೇಲಿಂದ ಇಳಿದು ಬರುತ್ತಿರುವವರು ಯಾರು ಎಂದು ಕ್ಯಾಪ್ಟನ್‌ಗೆ ತಿಳಿಸಲು. ಎಲ್ಲರೂ ಬಂಡೆಯ ಫೋಟೊ ತೆಗೆಯುತ್ತಾರೆ. ನೀವು ಸಿಗ್ನಲ್ ಹುಡುಕಿ.

546ರಲ್ಲಿ ಕೌಬ್. ನದಿಯ ನಡುಗಡ್ಡೆಯ ಮೇಲೆ ಬಿಳಿ ಗೋಡೆಯ ಪುಟ್ಟ ಕೋಟೆ, ದೂರದಿಂದ ಕಲ್ಲಿನ ದೋಣಿಯ ಹಾಗೇ ಕಾಣುತ್ತದೆ. 14ನೇ ಶತಮಾನದಲ್ಲಿ ಕಟ್ಟಿದ್ದು ಸುಂಕ ವಸೂಲಿಗೆ. ನದಿಗೆ ಅಡ್ಡ ಸರಪಳಿ ಎಳೆದು ಹಡಗು ನಿಲ್ಲಿಸುತ್ತಿದ್ದರು. ಫಾಸ್ಟ್‌ಟ್ಯಾಗ್ ಇಲ್ಲದ ಟೋಲ್‌ಗೇಟ್ ಅನ್ನಿ. 543ರಲ್ಲಿ ಬಾಖರಾಖ್, 530ರಲ್ಲಿ ನಡುನೀರಿನ ಇಲಿ ಗೋಪುರ, 526ಕ್ಕೆ ರೂಡೆಸ್‌ಹೈಮ್.

ಗಮನಿಸಿ: 559ರಿಂದ 543ರವರೆಗೆ ಹದಿನಾರೇ ಕಿಲೋಮೀಟರು, ಎದುರು ಹರಿವಿನಲ್ಲಿ ಒಂದೂವರೆ ಗಂಟೆ. ಹಡಗು ಬೆಳಗ್ಗೆ ಒಂಬತ್ತಕ್ಕೆ ಕೋಬ್ಲೆಂಜ್ ಬಿಟ್ಟಿದ್ದರೆ ಇದು ಸರಿಯಾಗಿ ಮಧ್ಯಾಹ್ನದ ಊಟದ ಹೊತ್ತು. ಊಟ ತಣ್ಣಗಾದರೆ ಆಗಲಿ.

ಎಲ್ಲಿ ಕೂರಬೇಕು

ಮೇಲಿನ ಡೆಕ್ಕಿನಲ್ಲಿ. ಬೇರೆ ಉತ್ತರ ಇಲ್ಲ. ಬಾಲ್ಕನಿ ಕ್ಯಾಬಿನ್‌ಗೆ ಜಾಸ್ತಿ ದುಡ್ಡು ಕೊಟ್ಟರೂ ಕಾಣುವುದು ಒಂದೇ ದಡ. ಊರಿನಲ್ಲಿ ಕಟ್ಟಿದಾಗ ಪಕ್ಕಕ್ಕೆ ಇನ್ನೊಂದು ಹಡಗು ಬಂದು ನಿಂತರೆ ಬಾಲ್ಕನಿಯಿಂದ ಕಾಣುವುದು ಅವರ ಬಾಲ್ಕನಿ. ಕೆಳಗಿನ ಕ್ಯಾಬಿನ್‌ನಲ್ಲಿ ಉಳಿಸಿದ ದುಡ್ಡಿಗೆ ಒಂದು ಒಳ್ಳೆಯ ಗಾಳಿತಡೆ ಜಾಕೆಟ್ ತಗೊಳ್ಳಿ. ಜುಲೈನಲ್ಲೂ ಕಣಿವೆಯ ಗಾಳಿ ಕಿವಿ ಕೊರೆಯುತ್ತದೆ. ಬೆಳಗ್ಗೆ ಬಿಸಿಲು ಬೀಳುವುದು ಪಶ್ಚಿಮದ ದಡಕ್ಕೆ, ಅಂದರೆ ಮೇಲಕ್ಕೆ ಹೋಗುವಾಗ ನಿಮ್ಮ ಬಲಗಡೆಗೆ. ಫೋಟೊ ಆ ಕಡೆಯದು ಮೊದಲು ತೆಗೆಯಿರಿ. ಎಡಗಡೆಯ ಕೋಟೆಗಳಿಗೆ ಬಿಸಿಲು ಬರಲು ಮಧ್ಯಾಹ್ನ ಆಗಬೇಕು.

ಕೋಬ್ಲೆಂಜ್ ಬಿಟ್ಟ ಮೇಲೆ ಈ ಕಣಿವೆಯಲ್ಲಿ ನದಿಗೆ ಸೇತುವೆಯೇ ಇಲ್ಲ, ಜನ ಫೆರ‍್ರಿಯಲ್ಲಿ ದಾಟುತ್ತಾರೆ. ಹಾಗಾಗಿ ಡೆಕ್ ಮುಚ್ಚುವ ಭಯ ಇಲ್ಲ. ಮೈನ್ ನದಿ ಮತ್ತು ಮೈನ್-ಡ್ಯಾನ್ಯೂಬ್ ಕಾಲುವೆಯಲ್ಲಿ ಹಾಗಲ್ಲ. ಸೇತುವೆಗಳು ಎಷ್ಟು ತಗ್ಗು ಅಂದರೆ ಕ್ಯಾಪ್ಟನ್ ಕೂರುವ ಕೋಣೆಯನ್ನೇ ಕೆಳಕ್ಕೆ ಇಳಿಸುತ್ತಾರೆ. ಡೆಕ್ಕಿಗೆ ದಿನಗಟ್ಟಲೆ ಬೀಗ.

ಆ ದಿನಗಳಲ್ಲಿ ನೋಡಬೇಕಾದ್ದು ಲಾಕ್‌ಗಳನ್ನು, ಅಂದರೆ ಹಡಗನ್ನು ಎತ್ತಿ ಇಳಿಸುವ ನೀರಿನ ಲಿಫ್ಟ್. ಲಾಕ್ ಅಗಲ 12 ಮೀಟರ್, ಹಡಗಿನ ಅಗಲ 11.45. ಎರಡೂ ಪಕ್ಕದಲ್ಲಿ ಉಳಿಯುವುದು ಒಂದೊಂದು ಗೇಣು. ನಾನು ಬಾಲ್ಕನಿ ಬಾಗಿಲು ತೆಗೆದು ನಿಂತಿದ್ದೆ. ಮೂಗಿನ ಮುಂದೆಯೇ ಪಾಚಿ ಕಟ್ಟಿದ ಒದ್ದೆ ಕಾಂಕ್ರೀಟ್ ಗೋಡೆ. ನಮ್ಮ ಹಳೆ ಮನೆಯ ಬಾವಿಯದೇ ವಾಸನೆ. ಗೋಡೆ ನಿಧಾನವಾಗಿ ಕೆಳಕ್ಕೆ ಜಾರಿತು, ಸದ್ದೇ ಇಲ್ಲ. ಆಮೇಲೆ ಹೊಳೆಯಿತು, ಮೇಲಕ್ಕೆ ಹೋಗುತ್ತಿರುವುದು ನಾವು. ಈ ಕಾಲುವೆಯ ಹಿಲ್ಪೋಲ್ಟ್‌ಸ್ಟೈನ್ ಲಾಕ್ ಹೀಗೆ ಸುಮಾರು 25 ಮೀಟರ್ ಎತ್ತುತ್ತದೆ. ಕೈ ಚಾಚಿ ಗೋಡೆ ಮುಟ್ಟಬೇಡಿ. ಆಸೆಯಾಗುತ್ತದೆ, ಗೊತ್ತು.

ನೀರು ಕಮ್ಮಿಯಾದರೆ

ಬೇಸಿಗೆ ಕೊನೆಯಲ್ಲಿ ಮಳೆ ಕೈಕೊಟ್ಟರೆ ರೈನ್‌ನಲ್ಲಿ ಹಡಗು ಓಡುವುದು ಕಷ್ಟ. 2018ರ ಅಕ್ಟೋಬರಿನಲ್ಲಿ ಕೌಬ್‌ನ ಅಳತೆಪಟ್ಟಿಯಲ್ಲಿ ನೀರಿನ ಮಟ್ಟ 25 ಸೆಂ.ಮೀ.ಗೆ ಇಳಿದಿತ್ತು. ಅದು ಪೂರ್ತಿ ಆಳ ಅಲ್ಲ, ಹಡಗಿನ ದಾರಿಯಲ್ಲಿ ಅದಕ್ಕಿಂತ ಸುಮಾರು ಒಂದು ಮೀಟರ್ ಜಾಸ್ತಿ ನೀರಿರುತ್ತದೆ. ಆದರೂ ಸಾಲದು. ಆಗ ಕಂಪನಿಯವರು ಬಸ್ಸಿಗೆ ಹತ್ತಿಸುತ್ತಾರೆ. ಪ್ರವಾಹ ಬಂದರೆ ಬೇರೆ ತೊಂದರೆ, ಸೇತುವೆ ಕೆಳಗೆ ಹಡಗು ತೂರುವುದಿಲ್ಲ. ಬಸ್ಸಿಗೆ ಹತ್ತಿಸಿದರೆ ಎಷ್ಟು ದುಡ್ಡು ವಾಪಸ್ ಎಂಬುದನ್ನು ಬುಕಿಂಗ್ ಷರತ್ತಿನಲ್ಲಿ ಮೊದಲೇ ಓದಿಕೊಳ್ಳಿ.

ಒಂದೇ ದಿನ ಇದ್ದರೆ

ಏಳು ರಾತ್ರಿಯ ಕ್ರೂಸ್ ಎಲ್ಲರ ಕೈಗೂ ಎಟುಕುವುದಿಲ್ಲ. ನಮ್ಮ ಕಡೆಯಿಂದ ಹೋಗುವ ಗ್ರೂಪ್ ಟೂರ್‌ಗಳಲ್ಲಿ ‘ರೈನ್ ಕ್ರೂಸ್’ ಅಂದರೆ ಸಾಮಾನ್ಯವಾಗಿ ಗಂಟೆ ಹೊತ್ತಿನ ದೋಣಿ ಸವಾರಿ. ಅದನ್ನು ಹಗುರ ಮಾಡಬೇಡಿ, ಇರುವುದೆಲ್ಲ ಹಗಲು. ಲೊರೆಲೈ ದಾಟುತ್ತದೆಯಾ ಎಂದು ಮಾತ್ರ ಕೇಳಿಕೊಳ್ಳಿ.

ಸ್ವಂತವಾಗಿ ಹೋಗುವವರಿಗೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕೆ.ಡಿ. (ಕಲೋನ್-ಡ್ಯುಸೆಲ್‌ಡಾರ್ಫರ್) ಕಂಪನಿಯ ದಿನದ ಹಡಗುಗಳಿವೆ. 1826ರಿಂದ ನಡೆದು ಬಂದ ಕಂಪನಿ. ಬೆಳಗ್ಗೆ ಕೋಬ್ಲೆಂಜ್‌ನಲ್ಲಿ ಹತ್ತಿ ರೂಡೆಸ್‌ಹೈಮ್‌ನಲ್ಲಿ ಇಳಿಯಬಹುದು, ಮಧ್ಯೆ ಬೇಕಾದ ಊರಲ್ಲೂ ಇಳಿಯಬಹುದು. ಸಸ್ಯಾಹಾರಿಗಳು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ, ಡೆಕ್ ಬಿಟ್ಟು ಇಳಿಯುವ ಪ್ರಮೇಯವೇ ಬರುವುದಿಲ್ಲ. ವಾಪಸ್ ಕೋಬ್ಲೆಂಜ್‌ಗೆ ನದಿ ಪಕ್ಕದಲ್ಲೇ ರೈಲಿದೆ. ಹತ್ತಿದ ಕೂಡಲೇ ಎಡಗಡೆಯ ಕಿಟಕಿ ಹಿಡಿಯಿರಿ.